ಹಗ್ಗ ಬಿಟ್ಟಷ್ಟೂ ಲಂಗರು ಗಟ್ಟಿ

ಮದುವೆಯಾಗಿ ಮೂರು ವರ್ಷ. ಒಂದೇ ಮನೆಯಲ್ಲಿದ್ದುಕೊಂಡೇ ಒಬ್ಬರಿಗೊಬ್ಬರು ‘ಹಾಲು ತಾ’ ಎಂದು ವಾಟ್ಸ್‌ಆ್ಯಪ್ ಮಾಡುವ ಸ್ಥಿತಿಗೆ ಬಂದಿದ್ದೆವು. ಸಿಯಾಟಲ್‌ನ ಸಾಫ್ಟ್‌ವೇರ್ ಬದುಕು ಅಂದರೆ ಅಷ್ಟೇ. ನಾಲ್ಕು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಎಲ್ಲಾದರೂ ಹೋಗೋಣ ಅಂದಾಗ ಇಬ್ಬರಿಗೂ ಹೊಳೆದದ್ದು ದೋಣಿ.

ನಾನು ಹೊನ್ನಾವರದ ಮೀನುಗಾರರ ಮನೆ ಹುಡುಗಿ. ಇವನು ಹುಬ್ಬಳ್ಳಿಯವನು. ಉಣಕಲ್ ಕೆರೆಗಿಂತ ದೊಡ್ಡ ನೀರಿನಲ್ಲಿ ದೋಣಿ ಹತ್ತಿದವನೇ ಅಲ್ಲ! ಆದರೂ ಎರಡು ಬೇಸಿಗೆ ನನ್ನ ಜೊತೆ ಹಾಯಿದೋಣಿಯ ತರಗತಿಗೆ ಬಂದು ಪಾಸಾಗಿದ್ದ. ಜುಲೈನಲ್ಲಿ ಅನಕೊರ್ಟಿಸ್ ಎಂಬ ಊರಿನಲ್ಲಿ 30 ಅಡಿಯ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆದೆವು. ಪುಟ್ಟ ಒಲೆ, ಮುಂತುದಿಯಲ್ಲಿ ತ್ರಿಕೋನದ ಹಾಸಿಗೆ, ಬಗ್ಗಿ ಹೋಗಬೇಕಾದ ಶೌಚಾಲಯ. ಕೆನಡಾ ಗಡಿಗೆ ಅಂಟಿಕೊಂಡ ಸ್ಯಾನ್ ವಾನ್ ದ್ವೀಪಗಳ ನಡುವೆ ಹಗಲಿಡೀ ಸುತ್ತುವುದು, ರಾತ್ರಿ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕಿ ಮಲಗುವುದು. ಇಷ್ಟೇ ನಮ್ಮ ಯೋಜನೆ.

ಮೊದಲ ರಾತ್ರಿ ಸೂಷಾ ದ್ವೀಪದ ಎಕೋ ಬೇ. ಸ್ಪ್ಯಾನಿಷ್‌ನಲ್ಲಿ ‘ಸೂಷಾ’ ಅಂದರೆ ಕೊಳಕು. ಸುತ್ತ ನೀರಿನಡಿ ಬಂಡೆಗಳಿರುವುದರಿಂದ 1791ರಲ್ಲಿ ಬಂದ ಸ್ಪ್ಯಾನಿಷ್ ನಾವಿಕರು ಇಟ್ಟ ಹೆಸರು. ದ್ವೀಪವಂತೂ ಚೆಂದವೋ ಚೆಂದ.

ಲಂಗರು ಹಾಕುವುದು ಇಬ್ಬರ ಕೆಲಸ. ನಾನು ಹಿಂದೆ ಚುಕ್ಕಾಣಿ ಹಿಡಿದು ನಿಂತೆ, ಇವನು ಮುಂದೆ ಹಗ್ಗ ಬಿಡಲು ನಿಂತ. ನಡುವೆ ಎಂಜಿನ್ ಸದ್ದು. ಕೂಗದೆ ಕೇಳಿಸದು, ಕೂಗಿದರೆ ಜಗಳದಂತೆ ಕೇಳಿಸುತ್ತದೆ. ಆಳ 20 ಅಡಿ ಇತ್ತು. ಆಳದ ಐದು ಪಟ್ಟು ಹಗ್ಗ ಬಿಡಬೇಕು ಎಂಬುದು ಪಾಠ. 100 ಅಡಿ ಬಿಟ್ಟು ನಿಲ್ಲಿಸಿದ.

‘ಇನ್ನೂ ಸ್ವಲ್ಪ ಬಿಡು ಮಾರಾಯಾ’ ಅಂದೆ.

‘ಲೆಕ್ಕ ಅಂದ್ರ ಲೆಕ್ಕಲೇ, ಇನ್ನೆಷ್ಟ ಬಿಡ್ಲಿ?’ ಅಂತ ರೇಗಿದ.

ಪಕ್ಕದ ದೋಣಿಯವರು ಕುರ್ಚಿ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. ರಾತ್ರಿ ಚಪಾತಿ, ಉಪ್ಪಿನಕಾಯಿ ತಿಂದು ಮಾತಿಲ್ಲದೆ ಮಲಗಿದೆವು.

ಎರಡು ಗಂಟೆಗೆ ಫೋನ್ ಅರಚಿಕೊಂಡಿತು. ದೋಣಿ ಜಾಗ ಬಿಟ್ಟು ಸರಿದರೆ ಎಚ್ಚರಿಸುವ ಅಲಾರ್ಮ್ ಅದು. ಗಾಳಿ ಆಗ್ನೇಯಕ್ಕೆ ತಿರುಗಿತ್ತು. ಎಕೋ ಬೇ ಬಾಯಿ ತೆರೆದಿರುವುದೂ ಆ ಕಡೆಗೇ. ಅಲೆಗಳು ನೇರ ಒಳಗೆ ನುಗ್ಗುತ್ತಿದ್ದವು. ಲಂಗರು ಕೆಸರಿನಲ್ಲಿ ಜಾರುತ್ತಿತ್ತು, ದೋಣಿ ಹಿಂದಕ್ಕೆ ದಡದತ್ತ ಹೋಗುತ್ತಿತ್ತು. ಎಂಜಿನ್ ಹಾಕಿದೆ, ಇವನು ಮುಂದಕ್ಕೆ ಓಡಿದ. ಈ ಸಲ ಕೂಗಲಿಲ್ಲ. ಟಾರ್ಚ್ ಬಲಕ್ಕೆ ತೋರಿಸಿದರೆ ಬಲಕ್ಕೆ, ಎಡಕ್ಕೆ ತೋರಿಸಿದರೆ ಎಡಕ್ಕೆ ತಿರುಗಿಸಿದೆ. ಮೊದಲ ಸಲ ಲಂಗರು ಹಿಡಿಯಲಿಲ್ಲ. ಎರಡನೇ ಸಲ 160 ಅಡಿ ಬಿಟ್ಟ. ಹಿಡಿಯಿತು!

ತಪ್ಪಿದ್ದು ಎಲ್ಲಿ ಎಂದು ಆಮೇಲೆ ತಿಳಿಯಿತು. ಸಂಜೆ ನಾವು ಅಳೆದದ್ದು ಇಳಿತದ ನೀರನ್ನು. ರಾತ್ರಿಯ ಉಬ್ಬರಕ್ಕೆ ಅದು 8 ಅಡಿ ಏರಿತ್ತು. ಹಗ್ಗ ಶುರುವಾಗುವುದು ನೀರಿನಿಂದ 4 ಅಡಿ ಮೇಲೆ, ದೋಣಿಯ ತುದಿಯಲ್ಲಿ. ಒಟ್ಟು 32 ಅಡಿ. 100 ಅಡಿ ಹಗ್ಗ ಅಂದರೆ ಬರೀ ಮೂರು ಪಟ್ಟು. ಹಗ್ಗ ಉದ್ದವಿದ್ದರೆ ಎಳೆತ ನೆಲಕ್ಕೆ ಸಮನಾಗಿ ಬಿದ್ದು ಲಂಗರು ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತದೆ. ಗಿಡ್ಡವಾದರೆ ಮೇಲಕ್ಕೆ ಕಿತ್ತು ಬರುತ್ತದೆ.

ಮತ್ತೆ ನಿದ್ದೆ ಎಲ್ಲಿ ಬರಬೇಕು? ಒಂದೇ ಕಂಬಳಿ ಹೊದ್ದು ಹೊರಗೆ ಕುಳಿತೆವು. ಬೆಳಗಾಗುವ ಹೊತ್ತಿಗೆ ಇವನು ಮೆಲ್ಲಗೆ ಹೇಳಿದ. ಆಫೀಸಿನಲ್ಲಿ ಕೆಲಸದಿಂದ ತೆಗೆಯುತ್ತಿದ್ದಾರಂತೆ, ಮುಂದಿನ ಪಟ್ಟಿಯಲ್ಲಿ ತನ್ನ ಹೆಸರೂ ಇರಬಹುದಂತೆ. ಕೆಲಸ ಹೋದರೆ ಹೊಸದು ಹುಡುಕಲು ವೀಸಾ ಕೊಡುವುದು ಹೆಚ್ಚೆಂದರೆ 60 ದಿನ. ನಾನಿರುವುದೂ ಅವನ ವೀಸಾದ ಮೇಲೆಯೇ. ಇದನ್ನೆಲ್ಲ ಒಂದು ತಿಂಗಳಿಂದ ಒಬ್ಬನೇ ನುಂಗಿಕೊಂಡಿದ್ದ. ‘ನಿನಗ ಯಾಕ ಟೆನ್ಷನ್ ಅಂತ...’ ಅಂದ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರಿಗೆ ವಾಪಸಾಗುವ ಆಸೆಯನ್ನು ನಾನೂ ಒಂದು ವರ್ಷದಿಂದ ಬಚ್ಚಿಟ್ಟುಕೊಂಡಿದ್ದೆ. ಆ ಬೆಳಿಗ್ಗೆ ಅದನ್ನೂ ಹೇಳಿಬಿಟ್ಟೆ.

ಮರುದಿನ ಸ್ಟುವರ್ಟ್ ದ್ವೀಪದ ರೀಡ್ ಹಾರ್ಬರ್. ಉಬ್ಬರದ ಪಟ್ಟಿಯನ್ನು ಇಬ್ಬರೂ ಕೂತು ಓದಿಯೇ ಲಂಗರು ಇಳಿಸಿದೆವು. ಕಾಡಿನ ದಾರಿಯಲ್ಲಿ ನಡೆದು 1893ರಲ್ಲಿ ಶುರುವಾದ ದೀಪಸ್ತಂಭದ ತಾಣ ನೋಡಿ ಬಂದೆವು. ಕತ್ತಲಾದ ಮೇಲೆ ನೀರಿಗೆ ಕೈ ಇಳಿಸಿದರೆ ಬೆರಳ ಸುತ್ತ ಮಿಣುಮಿಣು ಬೆಳಕು! ಸೂಕ್ಷ್ಮಜೀವಿಗಳ ಹೊಳಪಂತೆ. ಇವನು ಮಗುವಿನಂತೆ ನೀರು ಕಲಕುತ್ತಲೇ ಇದ್ದ.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿ ಆ ರಾತ್ರಿಯ ಕಥೆ ಹೇಳಿದೆ. ‘ಹೆದರಿಕೆ ಆಯ್ತಾ’ ಎಂದು ಅವರು ಕೇಳಲೇ ಇಲ್ಲ. ಕೇಳಿದ್ದು ‘ನೀರೆಷ್ಟಿತ್ತು, ಹಗ್ಗ ಎಷ್ಟು ಬಿಟ್ರಿ?’ ಅಂತ. ಹೇಳಿದೆ. ನಕ್ಕುಬಿಟ್ಟರು. ‘ನೀರು ಏರೂದು ಗೊತ್ತಿದ್ದೂ ಲೆಕ್ಕ ಹಿಡೀಲಿಲ್ವಾ ಮಗಾ?’

ಆಫೀಸಿನ ಪಟ್ಟಿ ಇನ್ನೂ ಬಂದಿಲ್ಲ. ಬರಲಿ, ಈ ಸಲ ನೀರು ಏರುವ ಮೊದಲೇ ಲೆಕ್ಕ ಹಾಕಲು ಇಬ್ಬರೂ ಕೂತಿದ್ದೇವೆ. ಹಾಲು ತರಲು ಮಾತ್ರ ಈಗ ಬಾಯಿಬಿಟ್ಟೇ ಹೇಳುತ್ತೇವೆ.