ಕಣ ಬಿಟ್ಟವನು ಸೋತವನೇ?

ಬಾಕ್ಸಿಂಗ್ ಪಂದ್ಯದ ನಡುವೆ ಸ್ಪರ್ಧಿ ಹಿಂದೆ ಸರಿದರೆ ನಿಯಮವು ಅದನ್ನು ಸೋಲೆಂದೇ ಬರೆಯುತ್ತದೆ. ಆಟಕ್ಕೆ ಅಂತಹ ನಿಯಮ ಬೇಕು. ಆದರೆ ಆತ್ಮದ ಲೆಕ್ಕವೂ ಅದೇ ಆಗಿರಬೇಕೇ?

1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರನೆಯ ಬಾರಿ ಎದುರಾದರು. 15 ಸುತ್ತುಗಳ ಪಂದ್ಯದಲ್ಲಿ 14 ಮುಗಿಯುವಷ್ಟರಲ್ಲಿ ಫ್ರೇಜಿಯರ್‌ಗೆ ಎದುರಿನಿಂದ ಬರುವ ಹೊಡೆತವೇ ಸರಿಯಾಗಿ ಕಾಣದಂತಾಗಿತ್ತು. ಆದರೂ ಅವರು ಕಾದಲು ಸಿದ್ಧರಿದ್ದರು. ತರಬೇತುದಾರ ಎಡ್ಡಿ ಫಚ್ ಮಾತ್ರ ಒಪ್ಪದೆ ಪಂದ್ಯವನ್ನು ನಿಲ್ಲಿಸಿದರು. ಜಯ ಅಲಿಯವರದಾಯಿತು. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೆಯ ಸುತ್ತಿನವರೆಗೂ ಕಾದಿ ನೆಲಕ್ಕೊರಗಿದರು. ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಅಸುನೀಗಿದರು. ದಾಖಲೆಯಲ್ಲಿ ಇಬ್ಬರದೂ ಸೋಲೇ. ಆದರೆ ಒಬ್ಬರು ಮನೆಗೆ ಮರಳಿದರು, ಇನ್ನೊಬ್ಬರು ಮರಳಲಿಲ್ಲ.

ವಸ್ತುವನ್ನು ಒಂದೇ ನಯದಿಂದ ನೋಡಬಾರದೆಂಬುದು ಜಿನಧರ್ಮದ ಬೋಧೆ. ವ್ಯವಹಾರ ನಯದಿಂದ ಹಿಂದೆ ಸರಿದವನು ಸೋತವನು ನಿಜ. ನಿಶ್ಚಯ ನಯವಾದರೋ ಆತ್ಮವನ್ನೇ ನೋಡುತ್ತದೆ. ಅಲ್ಲಿ ಕಷಾಯಕ್ಕೆ ವಶನಾಗುವುದೇ ಸೋಲು. ಭಯದಿಂದ ಓಡಿದವನು ತ್ಯಾಗಿಯಲ್ಲ, ಏಕೆಂದರೆ ಭಯವೂ ನೋಕಷಾಯಗಳಲ್ಲಿ ಒಂದು. ಹಾಗೆಯೇ, ಜನರು ಏನೆನ್ನುವರೋ ಎಂಬ ಅಭಿಮಾನದಿಂದ ದೇಹವನ್ನು ನಾಶಕ್ಕೊಡ್ಡುವವನು ವೀರನೂ ಅಲ್ಲ. ಅವನನ್ನು ಆಗಲೇ ಮಾನಕಷಾಯ ಗೆದ್ದಿರುತ್ತದೆ.

ಭರತ-ಬಾಹುಬಲಿಯರ ಕಥೆ ಇಲ್ಲಿ ನೆನಪಾಗುತ್ತದೆ. ಸೇನೆಗಳ ಸಂಹಾರ ಬೇಡವೆಂದು ಸೋದರರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಾವಿಬ್ಬರೇ ಸೆಣಸಿದರು. ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಆದರೆ ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತನು. ಫ್ರೇಜಿಯರ್ ಗೆಲುವಿನ ದಡದಲ್ಲಿರಲಿಲ್ಲ, ಬಾಹುಬಲಿ ಗೆದ್ದು ಬಿಟ್ಟವನು. ಈ ಅಂತರವನ್ನು ಮರೆಯಲಾಗದು. ಆದರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಳ್ಳಿ ಹಬ್ಬುವಂತೆ ವರ್ಷಕಾಲ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಒದಗಲಿಲ್ಲ. ತಾನು ನಿಂತ ನೆಲ ಭರತನದೆಂಬ ಶಲ್ಯ ಒಳಗೆ ಉಳಿದಿತ್ತೆಂದು ನಮ್ಮಲ್ಲಿ ಹೇಳುತ್ತಾರೆ. ರಾಜ್ಯ ಬಿಡುವುದಕ್ಕಿಂತ ಈ ಮುಳ್ಳನ್ನು ಬಿಡುವುದು ಕಠಿನವಾಯಿತು. ಭರತನು ಬಂದು ವಂದಿಸಿದಾಗ ಅದು ಕಳೆಯಿತು.

ಆದ್ದರಿಂದ ಕಣ ಬಿಟ್ಟನೇ ಎಂಬುದಕ್ಕಿಂತ ಏನನ್ನು ಬಿಟ್ಟನು ಎಂಬುದು ಮುಖ್ಯ ಪ್ರಶ್ನೆ. ಕಾದುವವನಿಗೆ ಆ ಆವೇಶದಲ್ಲಿ ತನ್ನ ಗಾಯ ತಿಳಿಯದು. ಪಕ್ಕದಲ್ಲಿರುವವರಿಗೆ ಅದು ತಿಳಿಯಬೇಕು. ಪರೀಕ್ಷೆ, ಉದ್ಯೋಗ, ಆಸ್ತಿಯ ವ್ಯಾಜ್ಯ—ನಮ್ಮ ಮನೆಗಳಲ್ಲಿಯೂ ಇಂತಹ ಕಣಗಳಿವೆ. ಅಲ್ಲಿ ಮಕ್ಕಳನ್ನು 'ಬಿಡಬೇಡ, ಹೊಡೆ' ಎಂದು ಹುರಿದುಂಬಿಸುವ ಹಿರಿಯರು ಅನೇಕರು. 'ಸಾಕು ಮಗು, ಬಾ' ಎಂದು ಕರೆದು, ಆ ಸೋಲಿನ ಭಾರವನ್ನು ತಾವೂ ಹೊರುವವರು ವಿರಳ. ಅಹಿಂಸಾವ್ರತವನ್ನು ಗೃಹಸ್ಥರು ಮೊದಲು ಆಚರಿಸಬೇಕಾದ ಸ್ಥಳ ಅದೇ.