ಹೊಲಿಗೆ ಬಿಚ್ಚಿದ ಮೇಲೂ ಗಾಯ ಮಾಗಬೇಕು

ಸಿಸೇರಿಯನ್ ಆಗಿ ಮನೆಗೆ ಬಂದ ಬಾಣಂತಿಗೆ ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಬಡಿಸುವುದು ಅನ್ನ, ಮೆಣಸಿನ ಸಾರು, ತುಪ್ಪ. ಬೇಳೆ ವಾಯು, ಮೊಟ್ಟೆ ನಂಜು, ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ ಎಂಬ ಭಯ. ಅಕ್ಕರೆಯ ಪಥ್ಯವೇ ಹೌದು. ಆದರೆ ಗಾಯ ಕೂಡಲು ಬೇಕಾದುದನ್ನೇ ಅದು ತಟ್ಟೆಯಿಂದ ತೆಗೆದುಬಿಡುತ್ತದೆ.

ಕರ್ನಾಟಕದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಮೂರರಲ್ಲಿ ಸುಮಾರು ಒಂದು ಹೆರಿಗೆ ಸಿಸೇರಿಯನ್. ಆ ಶಸ್ತ್ರಚಿಕಿತ್ಸೆಯಲ್ಲಿ ಚರ್ಮ, ಕೊಬ್ಬು, ಹೊಟ್ಟೆಯ ಗಟ್ಟಿ ಪೊರೆ, ಗರ್ಭಕೋಶದ ಗೋಡೆ ಎಲ್ಲಕ್ಕೂ ಕತ್ತರಿ ಬಿದ್ದಿರುತ್ತದೆ. ಮೇಲ್ಚರ್ಮ ಒಂದೆರಡು ದಿನದಲ್ಲೇ ಮುಚ್ಚಿಕೊಳ್ಳುತ್ತದೆ. ಒಳಗಿನ ಕೆಲಸ ಬಲು ನಿಧಾನ. ಮೂರು ವಾರಕ್ಕೆ ಗಾಯಕ್ಕೆ ಬಂದಿರುವ ಬಲ ಮೊದಲಿನ ಚರ್ಮದ ಐದರಲ್ಲೊಂದು ಪಾಲು. ಮೂರು ತಿಂಗಳಿಗೆ ಶೇ 80ರ ಆಸುಪಾಸು. ಹೊಲಿಗೆ ಬಿಚ್ಚಿದ ಮಾರನೆಯ ದಿನವೇ ಕೊಡ ಎತ್ತಿಸುವುದು ಅನ್ಯಾಯ. ಆ ಬಲ ಬರುವುದು ಕೊಲಾಜನ್ ಎಂಬ ನಾರಿನಿಂದ. ಅದಕ್ಕೆ ಪ್ರೋಟೀನ್ ಬೇಕು, ವಿಟಮಿನ್ ಸಿ ಬೇಕು: ಬೇಳೆ, ಮೊಸರು, ಮೊಟ್ಟೆ, ಸೀಬೆಹಣ್ಣು, ನೆಲ್ಲಿಕಾಯಿ. ನೀರು ಕಡಿಮೆಯಾದರೆ ಮಲಬದ್ಧತೆ. ತಿಣುಕಿದಷ್ಟೂ ಹೊಲಿಗೆ ಜಗ್ಗುತ್ತದೆ.

ಊಟದ ಜೊತೆಗೆ ಶುಚಿಯೂ ಬೇಕು. ಗಾಯ ಕೊಳೆಯುವುದು ಸಹಜವೆಂದೇ ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. 1865ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಗಾಡಿಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಕೀವಾಗದೆ ಮೂಳೆ ಕೂಡಿತು. ಕೀವಿಗೆ ಹೊರಗಿನ ಸೂಕ್ಷ್ಮಜೀವಿಗಳೇ ಕಾರಣವೆಂಬ ಅವನ ನಂಬಿಕೆಗೆ ಬಲ ಬಂತು. ಅಡುಗೆಮನೆ ಡಬ್ಬಿಯ ಅರಿಶಿನ, ಕಾಫಿಪುಡಿ, ವಿಭೂತಿ ಹೊಲಿಗೆಯ ಮೇಲೆ ಬೇಡವೆನ್ನುವುದೂ ಇದಕ್ಕೇ. ಅವು ರೋಗಾಣುಮುಕ್ತವಲ್ಲ.

ನೋಡಬೇಕಾದದ್ದು ಗಾಯವನ್ನು. ತೆಳು ಗುಲಾಬಿ ಗೆರೆ, ಸ್ವಲ್ಪ ತುರಿಕೆ ಇದ್ದರೆ ಗಾಬರಿ ಬೇಡ. ಹೊಟ್ಟೆಯ ಮಡಿಕೆ ಗೆರೆಯ ಮೇಲೆ ಇಳಿಬಿದ್ದು ಬೆವರುವುದರಿಂದ ಸ್ನಾನವಾದ ಮೇಲೆ ಮಡಿಕೆ ಎತ್ತಿ, ಒಗೆದ ಹತ್ತಿಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಬೇಕು. ಕಡಿಮೆಯಾಗುತ್ತಿದ್ದ ನೋವು ನಾಲ್ಕೈದು ದಿನದ ಮೇಲೆ ಮತ್ತೆ ಏರಿದರೆ, ಕೆಂಪು ಹರಡಿ ಮುಟ್ಟಿದರೆ ಬಿಸಿಯೆನಿಸಿದರೆ, ವಾಸನೆಯ ಕೀವು ಕಂಡರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಒಂದು ದಿನದ ತಡವೂ ದುಬಾರಿ.

ಸೋಂಕು 30 ದಿನಗಳೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆ 42ನೇ ದಿನದವರೆಗೂ ಮನೆಗೆ ಬರುತ್ತಾರೆ. ಮಗುವನ್ನು ತೋರಿಸುವಾಗ ಬಾಣಂತಿಯ ಹೊಲಿಗೆಯನ್ನೂ ಅವರಿಗೆ ತೋರಿಸಿ.