ಮೊದಲ ಕಮಾಂಡಿನಲ್ಲೇ ಮುಗಿದುಹೋಗುವ ತೀರ್ಮಾನಗಳು

ಬ್ರೌಸರ್ ಟ್ಯಾಬಿನ ಮೇಲೆ ‘ರಿಯಾಕ್ಟ್ ಆ್ಯಪ್’ ಎಂದಷ್ಟೇ ಬರೆದುಕೊಂಡ ಜಾಲತಾಣಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಒಳಗೆ ನೋಡಿದರೆ ಯಾವುದೋ ಅಂಗಡಿ, ಯಾವುದೋ ಕ್ಲಿನಿಕ್. ಮಾಲೀಕರ ಹೆಸರಿರಬೇಕಾದ ಜಾಗದಲ್ಲಿ ಟೆಂಪ್ಲೇಟಿನ ಹೆಸರು ಕೂತಿದೆ. ಕೆಲಸ ಶುರುವಾದ ದಿನ ತಾನಾಗಿ ಬಂದ ಸಾಲನ್ನು ಆಮೇಲೆ ಯಾರೂ ಮುಟ್ಟಿಲ್ಲ. ಇದು ಕಣ್ಣಿಗೆ ಕಾಣುವ ಸಾಲು. ಕಾಣದವು ಇನ್ನೆಷ್ಟೋ.

2010ರಲ್ಲಿ ಪಾಲ್ ಐರಿಶ್ ಮತ್ತು ದಿವ್ಯಾ ಮನಿಯನ್ ‘ಎಚ್‌ಟಿಎಂಎಲ್5 ಬಾಯ್ಲರ್‌ಪ್ಲೇಟ್’ ಎಂಬ ಟೆಂಪ್ಲೇಟ್ ಹೊರತಂದಾಗ ಅದರಲ್ಲಿದ್ದದ್ದು ಬೆರಳೆಣಿಕೆಯ ಫೈಲುಗಳು, ಜೊತೆಗೆ ಧಾರಾಳ ಟಿಪ್ಪಣಿ. ಬೇಡವಾದದ್ದನ್ನು ಅಳಿಸಿಕೊಳ್ಳಿ ಎನ್ನುವುದೇ ಅದರ ಧೋರಣೆ. ಅಳಿಸಬೇಕೆಂದರೆ ಮೊದಲು ಓದಬೇಕು. ಹಾಗಾಗಿ ಎಷ್ಟೋ ಜನ ಅದನ್ನು ಓದುತ್ತಲೇ ಕೆಲಸ ಕಲಿತರು.

ಆರು ವರ್ಷಗಳಲ್ಲಿ ಚಿತ್ರವೇ ಬದಲಾಯಿತು. ರಿಯಾಕ್ಟ್‌ನಲ್ಲಿ ಒಂದು ಗುಂಡಿ ತೋರಿಸುವುದಕ್ಕೂ ವೆಬ್‌ಪ್ಯಾಕ್, ಬೇಬೆಲ್‌ಗಳಂಥ ಸಲಕರಣೆಗಳ ಕಾನ್ಫಿಗರೇಶನ್ ಬರೆಯಬೇಕಾದ ಸ್ಥಿತಿ. 2016ರ ಜುಲೈನಲ್ಲಿ ಫೇಸ್‌ಬುಕ್ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಬಿಡುಗಡೆ ಮಾಡಿದ್ದು ಈ ತಲೆನೋವಿಗೆ ಮದ್ದಾಗಿ. ಒಂದೇ ಕಮಾಂಡ್, ಎಲ್ಲ ಸಿದ್ಧ. ಕಾನ್ಫಿಗರೇಶನ್ ಪೂರ್ತಿ ‘ರಿಯಾಕ್ಟ್ ಸ್ಕ್ರಿಪ್ಟ್ಸ್’ ಎಂಬ ಒಂದು ಪ್ಯಾಕೇಜಿನೊಳಗೆ ಅಡಗಿತ್ತು. ಅದನ್ನು ತಿದ್ದಬೇಕೆನಿಸಿದರೆ ‘ಇಜೆಕ್ಟ್’ ಎಂಬ ದಾರಿಯಿತ್ತು, ಆದರೆ ಅದು ಹೋದವರು ಮರಳಲಾಗದ ದಾರಿ. ಅಡಗಿದ್ದದ್ದೆಲ್ಲ ನಿಮ್ಮ ಫೋಲ್ಡರಿಗೆ ಬಂದು ಬೀಳುತ್ತದೆ, ಅಲ್ಲಿಂದಾಚೆ ನಿರ್ವಹಣೆ ನಿಮ್ಮದೇ. ಹೊಸಬರಿಗೆ ಈ ಒಂದೇ ಕಮಾಂಡ್ ವರವಾಯಿತೆಂಬುದು ನಿಜ. ಆದರೆ ಒಳಗೇನಿದೆ ಎಂದು ತಿಳಿಯದೆಯೇ ವರ್ಷಗಟ್ಟಲೆ ಕೆಲಸ ಮಾಡಬಹುದಾದ ಅಭ್ಯಾಸವೂ ಇಲ್ಲಿಂದಲೇ ಗಟ್ಟಿಯಾಯಿತೆಂದು ನನಗನ್ನಿಸುತ್ತದೆ.

ಪ್ರಾಜೆಕ್ಟ್ ದೊಡ್ಡದಾದಂತೆ ಕ್ರಿಯೇಟ್ ರಿಯಾಕ್ಟ್ ಆ್ಯಪ್ ನಿಧಾನವಾಗತೊಡಗಿತು. ವೆಬ್‌ಪ್ಯಾಕ್ ಇಡೀ ಕೋಡನ್ನು ಕಟ್ಟುಕಟ್ಟಿದ ಮೇಲೆಯೇ ಡೆವ್ ಸರ್ವರ್ ಪುಟ ತೋರಿಸುತ್ತಿತ್ತು. 2020ರಲ್ಲಿ ಇವಾನ್ ಯೂ ರೂಪಿಸಿದ ‘ವೀಟ್’ ಎಂಬ ಸಲಕರಣೆ ಈ ಕ್ರಮವನ್ನೇ ಬಿಟ್ಟಿತು. ಬ್ರೌಸರುಗಳಿಗೆ ಅಷ್ಟರಲ್ಲಿ ಜಾವಾಸ್ಕ್ರಿಪ್ಟ್ ಮಾಡ್ಯೂಲುಗಳನ್ನು ನೇರವಾಗಿ ಓದಲು ಬರುತ್ತಿತ್ತು; ಪುಟ ಕೇಳಿದ ಫೈಲನ್ನಷ್ಟೇ ಆ ಕ್ಷಣಕ್ಕೆ ಕೊಟ್ಟರೆ ಸಾಕಲ್ಲ? ಹೊರಗಿನ ಲೈಬ್ರರಿಗಳನ್ನು ಮಾತ್ರ ಗೋ ಭಾಷೆಯಲ್ಲಿ ಬರೆದ ‘ಈಎಸ್‌ಬಿಲ್ಡ್’ ಮೊದಲೇ ಒಟ್ಟುಗೂಡಿಸಿಡುತ್ತಿತ್ತು. ಕೊನೆಗೆ 2025ರ ಫೆಬ್ರವರಿ 14ರಂದು ರಿಯಾಕ್ಟ್ ತಂಡವೇ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ಗೆ ತೆರೆ ಎಳೆಯಿತು. ಅದರ ಮೇಲೆ ಕಟ್ಟಿದ ಆ್ಯಪುಗಳು ಮಾತ್ರ ಇನ್ನೂ ಓಡುತ್ತಿವೆ.

ಹಾಗಾದರೆ ತಂಡವೊಂದು ತನ್ನದೇ ಟೆಂಪ್ಲೇಟ್ ಮಾಡಿಕೊಳ್ಳುವಾಗ ಏನಿಡಬೇಕು? ತಡವಾದಷ್ಟೂ ದುಬಾರಿಯಾಗುವ ತೀರ್ಮಾನಗಳನ್ನು ಮಾತ್ರ ಇಡಿ ಎನ್ನುತ್ತೇನೆ. ಟೈಪ್‌ಸ್ಕ್ರಿಪ್ಟ್‌ನ ‘ಸ್ಟ್ರಿಕ್ಟ್’ ಮೋಡ್ ಮೊದಲ ದಿನ ಒಂದು ಸಾಲಿನ ಕೆಲಸ. ಎರಡು ವರ್ಷದ ಕೋಡಿನ ಮೇಲೆ ಹಾಕಿದರೆ ಸಾವಿರಾರು ದೋಷಗಳು ಎದ್ದು ಕೂರಬಹುದು. ನೋಡ್‌ನ ಆವೃತ್ತಿ ಬರೆದಿಡುವುದು, ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನು ಹಿಡಿದಿಡುವ ಲಾಕ್ ಫೈಲನ್ನು ಗಿಟ್‌ಗೆ ಸೇರಿಸುವುದು, ಸರ್ವರಿನಲ್ಲಿ ಅದರಂತೆಯೇ ಪ್ಯಾಕೇಜು ಹಾಕುವ ‘ಎನ್‌ಪಿಎಂ ಸಿಐ’ ಬಳಸುವುದೂ ಇದೇ ಸಾಲಿನವು. 2025ರ ಸೆಪ್ಟೆಂಬರಿನಲ್ಲಿ ‘ಚಾಕ್’, ‘ಡಿಬಗ್’ ಮೊದಲಾದ ಜನಪ್ರಿಯ ಪ್ಯಾಕೇಜುಗಳ ನಿರ್ವಾಹಕರೊಬ್ಬರು ನಕಲಿ ಇಮೇಲಿಗೆ ಮೋಸಹೋದಾಗ, ಅವುಗಳ ಹೆಸರಿನಲ್ಲೇ ದುಷ್ಟ ಆವೃತ್ತಿಗಳು ಕೆಲ ಹೊತ್ತು ಹರಿದಾಡಿದವು. ಹಳೆಯ ಲಾಕ್ ಫೈಲಿಗೇ ಅಂಟಿಕೊಂಡಿದ್ದ ಬಿಲ್ಡುಗಳಿಗೆ ಅವು ತಾಗಲಿಲ್ಲ. ಸ್ಟೇಟ್ ಲೈಬ್ರರಿ, ಅನಿಮೇಶನ್, ಚಾರ್ಟ್ ಇವೆಲ್ಲ ಬೇಕಾದ ದಿನ ಬರಲಿ. ಮುಂದೆ ಬೇಕಾದೀತು ಎಂದು ತುರುಕಿದ್ದು ಬೇಡವೆಂದು ತೆಗೆಯುವಾಗ ಯಾರಿಗೂ ಧೈರ್ಯವಿರುವುದಿಲ್ಲ.

ಕನ್ನಡದ ಪುಟ ಮಾಡುವವರಿಗೆ ಇನ್ನೊಂದು ಮಾತಿದೆ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಇರಲಿ, ವೀಟ್ ಇರಲಿ, ಅವು ಕೊಡುವ ಪುಟದ ಭಾಷೆ ‘ಇಎನ್’ ಎಂದೇ ಬರೆದಿರುತ್ತದೆ. ಅದನ್ನು ‘ಕೆಎನ್’ ಮಾಡದಿದ್ದರೆ ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಕನ್ನಡ ಪಠ್ಯವನ್ನು ಇಂಗ್ಲಿಷ್ ದನಿಗೆ ಒಪ್ಪಿಸಿ ತಡವರಿಸಬಹುದು. ಬ್ರೌಸರ್ ಕನ್ನಡ ಪುಟವನ್ನೇ ಇಂಗ್ಲಿಷ್ ಎಂದು ನಂಬಬಹುದು. ಇಂಗ್ಲಿಷ್ ಅಕ್ಷರದ ಅಳತೆಗೆ ಎತ್ತರ ಬಿಗಿದ ಗುಂಡಿಗಳಲ್ಲಿ ‘ಸ್ತ್ರೀ’, ‘ರಾಷ್ಟ್ರೀಯ’ದಂಥ ಪದಗಳ ಒತ್ತಕ್ಷರ ಕತ್ತರಿಸಿಹೋಗಬಹುದು. ಸಾಲಿನ ಎತ್ತರ ಒಂದೂವರೆ ಪಟ್ಟಿಗಿಂತ ಹೆಚ್ಚಿರಲಿ, ಗುಂಡಿಗಳಿಗೆ ನಿಗದಿತ ಎತ್ತರ ಬೇಡ, ನೋಟೋ ಸಾನ್ಸ್ ಕನ್ನಡದಂಥ ಫಾಂಟಿನ ಹೆಸರು ಸ್ಟೈಲಿನಲ್ಲಿ ಮೊದಲೇ ಇರಲಿ. ಟೆಂಪ್ಲೇಟಿನ ಮಾದರಿ ಪುಟದಲ್ಲಿ ‘ಹಲೋ ವರ್ಲ್ಡ್’ ಬದಲು ಆ ಎರಡು ಪದಗಳನ್ನೇ ಹಾಕಿಟ್ಟರೆ ತೊಂದರೆ ಮೊದಲ ದಿನವೇ ಕಾಣುತ್ತದೆ.